ಸುಡದ ಕೈ

ಪೆನ್ಸಿಲಿಗೆ ಬಟ್ಟೆ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬಟ್ಟೆ ಸುತ್ತದಿದ್ದರೆ ಪೆನ್ಸಿಲು ಬೆರಳಲ್ಲಿದೆಯೋ ಕೆಳಗೆ ಬಿದ್ದಿದೆಯೋ ಕಣ್ಣಿಂದ ನೋಡಿಯೇ ತಿಳಿಯಬೇಕು. ನನ್ನ ಬಲಗೈಯ ಮೂರು ಬೆರಳುಗಳಿಗೂ ಅರ್ಧ ಅಂಗೈಗೂ ಏನೂ ಗೊತ್ತಾಗುವುದಿಲ್ಲ. ಎಡಗೈಯ ಎರಡು ಬೆರಳುಗಳದ್ದೂ ಅದೇ ಕಥೆ. ಈ ರೋಗದ ಹೆಸರನ್ನು ಡಾಕ್ಟರರ ಬಾಯಿಂದ ಕೇಳಿ ಬಂದು, ಸೆರಗಿನೊಳಗೆ ಕೈ ಮುಚ್ಚಿಕೊಂಡು ಎಲ್ಲಾದರೂ ಯಾರಾದರೂ ಕೂತಿದ್ದರೆ, ಅವರಿಗಾಗಿ ಬರೆಯುತ್ತಿದ್ದೇನೆ. ಉಳಿದವರು ಓದಿದರೆ ಬೇಡ ಅನ್ನುವುದಿಲ್ಲ.

ನನ್ನ ಹೆಸರು ಎಸ್ತೇರವ್ವ. ಹುಟ್ಟಿದ್ದು ಮುಗದದಲ್ಲಿ. ಪ್ಲೇಗಿನಲ್ಲಿ ತಂದೆತಾಯಿ ಹೋದ ಮೇಲೆ ಯಾರೋ ಪುಣ್ಯವಂತರು ನನ್ನನ್ನು ಹುಬ್ಬಳ್ಳಿಗೆ ತಂದು ಮಿಶನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿಗೆ ಬಿಟ್ಟರು. ಅಲ್ಲೇ ಅಕ್ಷರ ಕಲಿತೆ, ಅಲ್ಲೇ ದೀಕ್ಷಾಸ್ನಾನವಾಯಿತು, ಅಲ್ಲೇ ಅಡುಗೆಮನೆ ಸೇರಿದೆ. ಓದಿನಲ್ಲಿ ನಾನು ದಡ್ಡಿ. ಹೊಲಿಗೆಯಲ್ಲಿ ಅದಕ್ಕಿಂತ ದಡ್ಡಿ. ಆದರೆ ಜೋಳದ ರೊಟ್ಟಿ ಬಡಿಯುವುದರಲ್ಲಿ ನನ್ನನ್ನು ಮೀರಿಸುವವರು ಆ ಕಂಪೌಂಡಿನಲ್ಲಿ ಇರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು. ಜಂಬ ಇತ್ತು.

ಬೋರ್ಡಿಂಗಿನಲ್ಲಿ ಅರವತ್ತು ಹುಡುಗಿಯರು, ಒಬ್ಬೊಬ್ಬಳಿಗೆ ಎರಡೆರಡು ರೊಟ್ಟಿ. ನನಗೊಂದು ಅಭ್ಯಾಸವಿತ್ತು. ಒಂದೊಂದು ರೊಟ್ಟಿ ಬಡಿಯುವಾಗ ಒಬ್ಬೊಬ್ಬ ಹುಡುಗಿಯ ಹೆಸರನ್ನು ದೇವರಿಗೆ ಹೇಳುತ್ತಿದ್ದೆ. ಬರೀ ಹೆಸರು, ಬೇಡಿಕೆ ಏನೂ ಇಲ್ಲ. ಉದ್ದುದ್ದ ಪ್ರಾರ್ಥನೆ ಮಾಡಲು ನನಗೆ ಬರುತ್ತಿರಲಿಲ್ಲ. ನಮ್ಮ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಕಣ್ಣು ಮುಚ್ಚಿದರೆ ತೂಕಡಿಕೆ ಬರುತ್ತಿತ್ತು. ಹಿಟ್ಟಿನ ಮೇಲೆ ಕೈ ಬಿದ್ದರೆ ಮಾತ್ರ ಹೆಸರುಗಳು ತಾವಾಗಿ ಬರುತ್ತಿದ್ದವು. ಶಾಂತಿ, ಸುಗುಣಾ, ಮಗ್ದಲೀನಾ, ಜ್ವರ ಬಂದ ಲೀಯಾ. ಒಂದು ಸುತ್ತು ಮುಗಿದರೆ ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು. ಅದೇ ನನ್ನ ಆರಾಧನೆ ಅಂತ ನಾನು ತಿಳಿದುಕೊಂಡಿದ್ದೆ. ಒಲೆಯ ಮುಂದೆ ಕೂತಾಗ ನನಗೆ ಇನ್ನೇನೂ ಬೇಕು ಅನಿಸುತ್ತಿರಲಿಲ್ಲ.

ಆಮೇಲೆ ಮನೆಗೆ ಹೋಗಿ ನಮ್ಮ ಮನೆಯವರಿಗೆ ರೊಟ್ಟಿ ಮಾಡುತ್ತಿದ್ದೆ. ಅವರು ರೈಲ್ವೆ ಕಾರ್ಖಾನೆಯಲ್ಲಿ ಬಡಿಗ, ಗಾಡಿಗಳ ಮರಗೆಲಸ. ಮಾತು ಕಡಿಮೆ. ನಮಗೆ ಮಕ್ಕಳಿಲ್ಲ. ಆ ರೊಟ್ಟಿಗೆ ಮಾತ್ರ ನಾನು ಹೆಸರು ಹೇಳುತ್ತಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ತರುವ ವಾಡಿಕೆ ನಮ್ಮ ಕಡೆ ಯಾರಲ್ಲೂ ಇಲ್ಲ. ಕ್ರೈಸ್ತರಾದ ಮೇಲೆ ಬಹಳಷ್ಟು ಬಿಟ್ಟಿದ್ದೆವು, ಅದೊಂದು ಬಿಟ್ಟಿರಲಿಲ್ಲ. 'ಇವರು' ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ. ದೇವರಿಗೆ ಗೊತ್ತಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ನನ್ನ ಕೈ ಸುಡುವುದು ನಿಂತುಹೋಯಿತು. ರೊಟ್ಟಿ ಬಡಿಯುವವರಿಗೆಲ್ಲ ಬೆರಳ ತುದಿ ದಪ್ಪಗಾಗಿರುತ್ತದೆ, ಆದರೂ ಕಾದ ಹಂಚಿನ ಮೇಲಿನ ರೊಟ್ಟಿ ಹೊರಳಿಸುವಾಗ ಚುರ್ ಅಂದೇ ಅನ್ನುತ್ತದೆ. ನನಗೆ ಅನ್ನಲಿಲ್ಲ. ಮೊದಲು ಆಶ್ಚರ್ಯವಾಯಿತು, ಆಮೇಲೆ ಸಂತೋಷವಾಯಿತು. ಮೇಟ್ರನ್ ಸಲೋಮಿಬಾಯಿಗೆ ತೋರಿಸಿದೆ. ಬೋರ್ಡಿಂಗಿನ ಹಿರಿಯರು ಅವರೇ, ನನ್ನನ್ನು ಏಳು ವರ್ಷದವಳಿಂದ ಬೆಳೆಸಿದವರು. ನಾನು ಹಂಚಿನ ಅಂಚನ್ನು ಬರಿಗೈಯಿಂದ ಹಿಡಿದು ಸರಿಸಿದ್ದನ್ನು ಅವರು ಬಾಯಿ ತೆರೆದುಕೊಂಡು ನೋಡಿದರು.

"ಇದು ನಿನ್ನ ಸೇವಾಕ್ಕ ದೇವರು ಕೊಟ್ಟಿದ್ದು, ಎಸ್ತೇರ," ಅಂದರು. "ಬುಧವಾರ ಕೂಟದಾಗ ಎದ್ದು ನಿಂತು ಹೇಳು. ಸಾಕ್ಷಿ ಹೇಳದ ಮುಚ್ಚಿಡಬಾರದು."

ಹೇಳಿದೆ. ಬುಧವಾರದ ಪ್ರಾರ್ಥನಾಕೂಟದಲ್ಲಿ ಎಲ್ಲರೆದುರು ಎದ್ದು ನಿಂತು, ಬೆಂಕಿಯೊಳಗೆ ನಡೆದರೂ ಕೂದಲು ಕೂಡ ಸುಡದ ಬೈಬಲ್ಲಿನ ಆ ಮೂವರನ್ನು ಕಾಪಾಡಿದ ದೇವರು ನನ್ನ ಕೈಯನ್ನೂ ಕಾಪಾಡಿದ್ದಾನೆ ಎಂದು ಹೇಳಿದೆ. ಜನ ಹಲ್ಲೆಲೂಯಾ ಅಂದರು. ಒಬ್ಬ ಮುದುಕಿ ಬಂದು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣೀರು ನನ್ನ ಬೆರಳ ಮೇಲೆ ಬಿದ್ದದ್ದು ಕಂಡಿತು. ತಾಗಲಿಲ್ಲ. ಅದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆರೇಳು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹೊತ್ತಿದ ವಾಸನೆ ಬಂತು. ಹಿಟ್ಟು ನಾದುತ್ತಿದ್ದ ಹೆಂಗಸಿನ ಮೇಲೆ ರೇಗಿದೆ, "ಏನ್ ಹೊತ್ತಿಸಿಯವ್ವಾ, ಕಣ್ಣು ಎಲ್ಲಿಟ್ಟಿ?" ಅಂತ. ಆಕೆ ನನ್ನ ಕಡೆ ನೋಡಿ ಚೀರಿದಳು. ಹೊತ್ತುತ್ತಿದ್ದದ್ದು ನನ್ನ ಕಿರುಬೆರಳು. ಹಂಚಿನ ಅಂಚಿಗೆ ಒರಗಿತ್ತು. ನಾನು ಅದನ್ನು ಬೇರೆ ಯಾರದೋ ಬೆರಳು ಎಂಬಂತೆ ನೋಡಿ, ತೆಗೆದೆ.

ಡಾಕ್ಟರರ ಕೋಣೆಯ ಹೊರಗೆ ಒಂದು ಉದ್ದ ಬೆಂಚು. ಸಲೋಮಿಬಾಯಿ ನನ್ನ ಪಕ್ಕ ಕೂತಿದ್ದರು. "ತೊನ್ನಿರಬೇಕು, ಇಲ್ಲಾ ನರದ ಅಶಕ್ತತನ ಇರಬೇಕು," ಎಂದು ಮೂರು ಸಲ ಹೇಳಿದರು. ನಾನು ಎದುರಿನ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ. ಇಬ್ಬರನ್ನೂ ಒಳಗೆ ಕರೆದರು. ಡಾಕ್ಟರರು ಕನ್ನಡಕದವರು, ಮೆತ್ತಗೆ ಮಾತಾಡುವವರು. ನನ್ನ ಮುಂಗೈಯ ಮೇಲೆ ಒಂದು ಮಾಸಲು ಮಚ್ಚೆ ಇತ್ತು, ಅದರ ಮೇಲೆ ಹತ್ತಿಯ ಎಳೆ ಆಡಿಸಿದರು. ಆಮೇಲೆ ನನ್ನ ಕಣ್ಣು ಮುಚ್ಚಿಸಿ, ಬಿಸಿನೀರಿನ ಗಾಜಿನ ಕೊಳವೆಯೊಂದನ್ನು, ತಣ್ಣೀರಿನದೊಂದನ್ನು ಬೆರಳಿಗೆ ತಾಗಿಸುತ್ತೇನೆ ಅಂದರು.

"ಬಿಸಿ ಯಾವುದವ್ವಾ?"

ಸಾಲೆಯಲ್ಲಿ ಉತ್ತರ ಬಾರದಿದ್ದಾಗ ಊಹೆ ಮಾಡಿ ಹೇಳುತ್ತಿದ್ದೆನಲ್ಲ, ಹಾಗೇ ಹೇಳಿದೆ. "ಬಲಗಡಿದ್ರಿ."

"ಈಗ?"

"ಎಡಗಡಿದ್ರಿ."

ಅವರು ನನಗೆ ಕಣ್ಣು ತೆರೆಯಲು ಹೇಳಿದರು. "ಎರಡೂ ಸಲ ನಿಮ್ಮ ಕೈಗೆ ಏನೂ ತಾಗಿಸಿರಲಿಲ್ಲರಿ," ಅಂದರು. ಮಹಾರೋಗ ಅಂದರು, ಅಂದರೆ ಕುಷ್ಠ. ಸಲೋಮಿಬಾಯಿ ಸ್ವಲ್ಪ ಆಚೆ ಸರಿದರು. ಬಹುಶಃ ಅವರಿಗೇ ಗೊತ್ತಾಗದೆ ಸರಿದರು. ನಾನು ಸಿಟ್ಟಾಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಒಲೆಯ ಮೇಲೆ ಹಂಚು ಹಾಗೇ ಬಿಟ್ಟು ಬಂದಿದ್ದೇನೆ, ಯಾರಾದರೂ ಇಳಿಸಿದರೋ ಇಲ್ಲವೋ.

ಅರವತ್ತು ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರು. ಒಬ್ಬಳಿಗೂ ಇರಲಿಲ್ಲ. ಆ ವರ್ಷದ ಒಳ್ಳೆಯ ಸುದ್ದಿ ಅದೊಂದೇ, ಅದಕ್ಕಾಗಿ ಇಂದಿಗೂ ದೇವರನ್ನು ಸ್ತುತಿಸುತ್ತೇನೆ. ಅಡುಗೆಮನೆಯನ್ನು ಸುಣ್ಣ ಹಚ್ಚಿ ತೊಳೆದರು. ನನ್ನ ರೊಟ್ಟಿಯ ಹಲಗೆಯನ್ನು ಹಿತ್ತಲಲ್ಲಿ ಸುಟ್ಟರು. ಹದಿನಾಲ್ಕು ವರ್ಷ ಬಡಿದು ಬಡಿದು ನಡುವೆ ತಗ್ಗು ಬಿದ್ದಿದ್ದ ಹಲಗೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಳು ಬರಬೇಕಿತ್ತು. ಬರಲಿಲ್ಲ.

ನಮ್ಮ ಮನೆಯವರಿಗೆ ಹೇಳಿದಾಗ ಅವರು ಅಂಗಿಯ ಗುಂಡಿ ಹಾಕುತ್ತಿದ್ದರು. ಪೂರ್ತಿ ಹಾಕಿ ಮುಗಿಸಿದರು.

"ವಾಸಿ ಆಗತೈತಂತನು?"

"ಮೂರು ವರ್ಷ ಸೂಜಿ ಚುಚ್ಚಿಸಿಕೊಂಡ್ರ ಬೆಳೀಯೂದು ನಿಂದರತೈತಂತ್ರಿ. ಕೈಗೆ ಮಾತ್ರ ಮತ್ತ ಏನೂ ಗೊತ್ತಾಗಂಗಿಲ್ಲಂತ."

ಕಾರ್ಖಾನೆಯ ಭೋಂಗಾ ಕೂಗಿತು. ಅವರು ಬುತ್ತಿ ತೆಗೆದುಕೊಳ್ಳದೆ ಹೋದರು. ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ತಿಳಿಯಲಿಲ್ಲ. ಆ ಬುತ್ತಿಯಲ್ಲಿದ್ದದ್ದು ನಾನು ಬಡಿದ ರೊಟ್ಟಿ. ಇವರು ಇನ್ನು ನನ್ನ ಕೈಯ ರೊಟ್ಟಿ ತಿನ್ನುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಆ ಬುತ್ತಿಯ ಜೊತೆ ಮನೆಯಲ್ಲಿ ಉಳಿಯಿತು. ರೋಗ ವಾಸಿಯಾಗುತ್ತದೋ ಇಲ್ಲವೋ ಎಂದು ನಾನು ಅಷ್ಟು ಯೋಚಿಸಲಿಲ್ಲ. ಇದನ್ನು ಯೋಚಿಸಿದೆ.

ನನ್ನನ್ನು ಸೇರಿಸಿದ ಆಸ್ಪತ್ರೆ ಊರಾಚೆ, ಧಾರವಾಡದ ಹಾದಿಯಲ್ಲಿ, ತಂತಿಬೇಲಿಯೊಳಗೆ. ನಲವತ್ತು ಜನ ರೋಗಿಗಳು. ಶನಿವಾರ ಸೂಜಿಯ ದಿನ. ಯಾವುದೋ ಕಾಯಿಯ ದಪ್ಪ ಎಣ್ಣೆ, ಒಳಗೆ ಹೋಗುವಾಗ ಗಂಡಸರೂ ಅಯ್ಯಯ್ಯೋ ಅನ್ನುತ್ತಿದ್ದರು. ಮಚ್ಚೆಯ ಮೇಲೆ ಚುಚ್ಚಿದರೆ ನನಗೆ ಏನೂ ಇಲ್ಲ, ಪಕ್ಕದಲ್ಲಿ ಚುಚ್ಚಿದರೆ ಪ್ರಾಣ ಹೋದಂತೆ ನೋವು. ನನ್ನ ಮೈಯ ಮೇಲೆ ಎಲ್ಲಿಂದ ಎಲ್ಲಿಯತನಕ ನಾನಿದ್ದೇನೆ ಎಂಬುದು ಶನಿವಾರಕ್ಕೊಮ್ಮೆ ತಿಳಿಯುತ್ತಿತ್ತು.

ಮನಸ್ಸಿಗೂ ಹಾಗೇ ಮಚ್ಚೆ ಬಿದ್ದಿತ್ತು. ಈ ರೋಗ ಬಂದವರು ಇದನ್ನು ಯಾರಿಗೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ದೇವರ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟೂ ಬರಲಿಲ್ಲ. ಬೈಬಲ್ಲು ತೆರೆದರೆ ಅಕ್ಷರ ಕಾಣುತ್ತಿತ್ತು, ಅಷ್ಟೇ. ಉಪದೇಶಿಗಳು ಬಂದು ನನಗಾಗಿ ಪ್ರಾರ್ಥಿಸಿದರು. ಆಮೆನ್ ಅಂದೆ, ಮೂಗಿನ ಮೇಲೆ ಕೂತ ನೊಣ ಓಡಿಸಿದೆ. ದೇವರು ನನಗೆ ಎರಡು ಕೈಗಳನ್ನು ಕೊಟ್ಟಿದ್ದ, ಕೆಲಸ ಕೊಟ್ಟಿದ್ದ, ನಾನು ಅದನ್ನೇ ಆತನಿಗೆ ಮರಳಿ ಕೊಡುತ್ತಿದ್ದೆ. ಈಗ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆತನ ಹೆಸರಿನಲ್ಲಿ ಎಲ್ಲರೆದುರು ನಿಂತು ಒಂದು ಸುಳ್ಳು ಸಾಕ್ಷಿ ಹೇಳಿ ಬಂದಿದ್ದೆ. ಗೊತ್ತಿಲ್ಲದೆ ಹೇಳಿದ್ದು ನಿಜ. ಆದರೂ ಹೇಳಿದ್ದು ನಾನೇ.

ಅಲ್ಲಿ ಆರು ತಿಂಗಳು ಕಳೆದ ಮೇಲೆ ಅಡುಗೆಮನೆಯಲ್ಲಿ ಕೂರಲು ಬಿಟ್ಟರು. ರೋಗಿಗಳ ಅಡುಗೆಯನ್ನು ರೋಗಿಗಳೇ ಮಾಡುತ್ತಿದ್ದರು. ಅಲ್ಲಿ ಮೂಲೆಯಲ್ಲಿ ಒಬ್ಬಳು ತನ್ನದೇ ಬೇರೆ ಒಲೆ ಹೂಡಿ ತನ್ನದೇ ರೊಟ್ಟಿ ಮಾಡಿಕೊಳ್ಳುತ್ತಿದ್ದಳು. ಸುಳ್ಳ ಎಂಬ ಊರಿನ ನೀಲವ್ವ, ಲಿಂಗಾಯತರ ಹೆಂಗಸು. ರೋಗ ಅವಳ ಪಾದಕ್ಕೆ ಹತ್ತಿತ್ತು, ಕೈ ಚೆನ್ನಾಗಿದ್ದವು. ನಾನು ಕೊಟ್ಟ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ.

"ರೋಗಕ್ಕ ಹೆದರಿ ಅಲ್ಲವ್ವಾ, ಅದು ನನಗೂ ಐತಿ," ಅಂದಳು. "ನಿಮ್ಮ ಜಾತ್ಯಾಗಿಂದು ನಾ ತಿನ್ನಂಗಿಲ್ಲ."

ಹೊರಗಿನವರು ರೋಗಕ್ಕೆ ಹೆದರಿ ತಿನ್ನುವುದಿಲ್ಲ, ಒಳಗಿನವಳು ಜಾತಿಗೆ ಹೆದರಿ ತಿನ್ನುವುದಿಲ್ಲ. ನನಗೆ ನಗು ಬರಬೇಕಿತ್ತು. ಅದೂ ಬರಲಿಲ್ಲ.

ಆದರೆ ನೀಲವ್ವನ ಕಣ್ಣು ನನ್ನ ಕೈ ಮೇಲೇ ಇರುತ್ತಿತ್ತು. ನಾನು ಹಂಚಿಗೆ ಕೈ ಒಯ್ದಾಗಲೆಲ್ಲ ಮೂಲೆಯಿಂದ "ಸುಡತೈತಿ! ಸುಡತೈತಿ!" ಅಂತ ಕೂಗುತ್ತಿದ್ದಳು. ಇಕ್ಕಳದಿಂದ ಹಿಡಿದರೆ ಎಳೆ ರೊಟ್ಟಿ ಹರಿಯುತ್ತಿತ್ತು, ಬೆರಳಿಂದ ಹಿಡಿದರೆ ಬೊಬ್ಬೆ ಏಳುತ್ತಿತ್ತು. ವಾರ ಹತ್ತು ದಿನ ಕೂಗಿ ಕೂಗಿ ಅವಳಿಗೇ ಸಾಕಾಯಿತು. ಕುಂಡಿ ತೆವಳಿಕೊಂಡು ಬಂದು ನನ್ನ ಒಲೆಯ ಎದುರು ಕೂತಳು.

"ಸರಿ ಆಕಡೆ. ನೀ ಬಡಿ, ನಾ ಹೊರಳಸ್ತೇನಿ. ನಿನ್ನ ಕೈ ಸುಡೂದು ನೋಡಕೋತ ಕುಂದ್ರಾಕ ನನಗ ಆಗಂಗಿಲ್ಲ."

"ನಿಮ್ಮ ಜಾತಿ, ನೀಲವ್ವಾ?"

"ನಾ ಹೊರಳಿಸಿದ ಮ್ಯಾಲೆ ಅದು ನನ್ನ ರೊಟ್ಟಿನ ಆತು. ನೀ ಬಾಯಿ ಮುಚ್ಚಿ ಬಡಿ."

ಹೀಗೆ ನಲವತ್ತು ಜನರ ರೊಟ್ಟಿ ನಾವಿಬ್ಬರೂ ಸೇರಿ ಮಾಡತೊಡಗಿದೆವು. ನನ್ನ ಮುಂದಿನ ಹಲಗೆಯಿಂದ ರೊಟ್ಟಿ ನನ್ನ ಅಂಗೈ ಮೇಲೆ ಏರಿ ಹಂಚಿಗೆ ಬೀಳುತ್ತಿತ್ತು, ಅಲ್ಲಿಂದ ಆಚೆ ಅವಳ ರಾಜ್ಯ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅದೇ ರೊಟ್ಟಿ ಮುರಿದಳು. ಹಾಗೆ ತಿನ್ನುವಾಗ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ನಮ್ಮ ಮನೆಯವರು ಭಾನುವಾರ ಗುಡಿ ಮುಗಿಸಿ ಬರುತ್ತಿದ್ದರು. ಬೇಲಿಯ ಆಚೆ ಅವರು, ಈಚೆ ನಾನು. ಕಾರ್ಖಾನೆಯ ಸುದ್ದಿ, ಓಣಿಯ ಸುದ್ದಿ ಎರಡು ಮಾತು ಹೇಳುತ್ತಿದ್ದರು. ಒಳಗಿನ ಊಟ ಹೊರಗಿನವರು ತಿನ್ನಬಾರದು ಎಂದು ನಿಯಮವಿತ್ತು. ಒಂದು ಭಾನುವಾರ ನಾನು ಅದನ್ನು ಮುರಿದೆ. ಅವತ್ತು ರೊಟ್ಟಿಗಳು ಚಂದ ಉಬ್ಬಿದ್ದವು. 'ಇವರು' ಅಂದುಕೊಂಡು ಒಂದನ್ನು ಬಡಿದು, ಶುಭ್ರ ಅರಿವೆಯಲ್ಲಿ ಸುತ್ತಿ, ತಂತಿಯ ನಡುವಿನಿಂದ ಕೊಟ್ಟೆ.

"ನೀಲವ್ವ ಹೊರಳಿಸ್ಯಾಳ್ರಿ. ಬೆಂಕ್ಯಾಗ ಬೆಂದೈತಿ. ಏನೂ ಆಗಂಗಿಲ್ಲ."

ಅವರು ತೆಗೆದುಕೊಂಡರು. "ಹೂಂ," ಅಂದರು. ಹಾದಿ ಹಿಡಿದು ಹೋದರು. ಮೈಲುಗಲ್ಲಿನ ಹತ್ತಿರ ನಿಂತರು, ಅತ್ತ ಇತ್ತ ನೋಡಿದರು, ಅರಿವೆ ಬಿಚ್ಚಿ ರೊಟ್ಟಿಯನ್ನು ಅಲ್ಲಿದ್ದ ಒಂದು ಕೆಂದ ನಾಯಿಗೆ ಹಾಕಿದರು. ಅರಿವೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

ನಾನು ಬೇಲಿ ಹಿಡಿದು ನಿಂತಿದ್ದೆ. ತಂತಿಯ ಮುಳ್ಳು ಅಂಗೈಗೆ ಚುಚ್ಚಿ ರಕ್ತ ಬಂದಿತ್ತು, ಒಳಗೆ ಹೋದ ಮೇಲೆ ನೀಲವ್ವ ತೋರಿಸಿದಾಗ ನೋಡಿದೆ. ಎದೆಯಲ್ಲೂ ಏನೂ ಆಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಗಂಡ ರೊಟ್ಟಿಯನ್ನು ನಾಯಿಗೆ ಹಾಕಿದ್ದು ನೋಡಿಯೂ ಹೆಂಗಸಿಗೆ ಏನೂ ಅನಿಸದಿದ್ದರೆ ಅವಳಲ್ಲಿ ಇನ್ನೆಷ್ಟು ಉಳಿದಿದೆ?

ಮರುದಿನ ಒಲೆಯ ಮುಂದೆ ಕೂತೆ. ಬೇರೆ ಏನೂ ಮಾಡಲು ತೋಚದೆ ಕೂತೆ. ಹಿಟ್ಟಿನ ಮೇಲೆ ಕೈ ಬಿದ್ದಾಗ ಬಾಯಿಗೆ ಒಂದು ಹೆಸರು ಬಂತು. ರೋಗ ಗೊತ್ತಾದ ದಿನದಿಂದ ಒಂದೂ ಬಂದಿರಲಿಲ್ಲ. ನೀಲವ್ವ ಕಿವಿ ನಿಮಿರಿಸಿದಳು.

"ಏನ್ ಗುಣುಗುಣು ಅನಾಕತ್ತಿ?"

"ನಿಮ್ಮ ಹೆಸರು."

"ನನ್ನ ಹೆಸರು ನಿಮ್ಮ ದೇವರಿಗೆ ಯಾಕ? ಆತಗ ನನ್ನ ಗುರ್ತು ಐತೇನು?"

"ಹೇಳಿದ್ರ ಆಗತೈತಿ."

ಅವಳು ರೊಟ್ಟಿ ಹೊರಳಿಸಿ, ನಸುನಕ್ಕು, "ಹಂಗಾದ್ರ ಪಾದದ ಸುದ್ದೀನೂ ಹೇಳು," ಅಂದಳು. ನಾನು ಬೇಡಿಕೆ ಸಲ್ಲಿಸುವವಳಲ್ಲ, ಆದರೂ ಅವತ್ತು ಪಾದದ ಸುದ್ದಿ ಹೇಳಿದೆ. ಆಮೇಲೆ ಒಂದೊಂದಾಗಿ ನಲವತ್ತೂ ಹೆಸರು ಬಂದವು. ಸಂತೋಷವಾಯಿತು ಅಂತ ಬರೆಯುವುದಿಲ್ಲ, ಆಗಲಿಲ್ಲ. ಕೈಗೆ ಹಿಟ್ಟು ತಾಗುತ್ತಿರಲಿಲ್ಲ, ಹೆಸರು ಎದೆಗೆ ತಾಗುತ್ತಿರಲಿಲ್ಲ. ಆದರೂ ರೊಟ್ಟಿ ಉಬ್ಬುತ್ತಿತ್ತು, ಜನ ತಿನ್ನುತ್ತಿದ್ದರು. ನನಗೆ ಏನು ಅನಿಸುತ್ತದೆ ಎಂಬುದರ ಮೇಲೆ ದೇವರ ಕೆಲಸ ನಿಂತಿಲ್ಲ ಎಂದು ನಿಧಾನವಾಗಿ ತಿಳಿಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಷ್ಟರಲ್ಲೇ ಇದ್ದೆ. ಅಷ್ಟು ಸಾಕಾಗುತ್ತಿತ್ತು.

ನಮ್ಮ ಮನೆಯವರು ಭಾನುವಾರ ಬರುವುದನ್ನು ಬಿಡಲಿಲ್ಲ. ನಾನು ಮತ್ತೆ ರೊಟ್ಟಿ ಕೊಡಲಿಲ್ಲ. ಒಮ್ಮೆ ಅವರು ನನ್ನ ಬೆರಳುಗಳನ್ನು ನೋಡಿ, "ಈಗ ಬೊಬ್ಬಿ ಇಲ್ಲಲಾ?" ಎಂದು ಕೇಳಿದರು. ನೀಲವ್ವನೂ ನಾನೂ ಮಾಡುವ ರೀತಿಯನ್ನು ಹೇಳಿದೆ. ನಾನು ಹೇಗೆ ಬಡಿಯುತ್ತೇನೆ, ಅವಳು ಎಷ್ಟು ಹೊತ್ತಿಗೆ ಹೊರಳಿಸುತ್ತಾಳೆ, ನೀರು ಯಾವಾಗ ಸವರುತ್ತಾಳೆ, ಎಲ್ಲ ಕೇಳಿದರು. ಅಷ್ಟು ಮಾತು ಅವರು ಮದುವೆಯಲ್ಲೂ ಆಡಿರಲಿಲ್ಲ.

ಮೂರು ವರ್ಷ ತುಂಬಿದ ಮೇಲೆ ಡಾಕ್ಟರರು ಚೀಟಿ ಬರೆದರು, ಇನ್ನು ಯಾರಿಗೂ ಹತ್ತುವುದಿಲ್ಲ, ಮನೆಗೆ ಹೋಗಬಹುದು ಅಂತ. ನೀಲವ್ವ ಇನ್ನೂ ಅಲ್ಲೇ ಇರಬೇಕಿತ್ತು. "ಇನ್ಮ್ಯಾಲೆ ನನಗ ಬಡಿಯೋರು ಯಾರು?" ಅಂದಳು. ದಿನಾ ಮಧ್ಯಾಹ್ನದ ಅಡುಗೆಗೆ ಬರುತ್ತೇನೆ ಎಂದು ಮಾತು ಕೊಟ್ಟೆ. ಇಂದಿಗೂ ಹೋಗುತ್ತಿದ್ದೇನೆ, ಭಾನುವಾರ ಒಂದು ಬಿಟ್ಟು.

ನನ್ನನ್ನು ಬಿಟ್ಟದ್ದು ಒಂದು ಭಾನುವಾರ, ಮನೆಗೂ ಹೋಗದೆ ನೆಟ್ಟಗೆ ಗುಡಿಗೆ ಹೋದೆ. ಸಲೋಮಿಬಾಯಿ ಬಾಗಿಲಲ್ಲೇ ಸಿಕ್ಕರು. ಮುದುಕಿಯಾಗಿಬಿಟ್ಟಿದ್ದರು. ನನ್ನ ಕೈ ಹಿಡಿಯಲು ಬಂದು, ತಡೆದು, ಆಮೇಲೆ ಹಿಡಿದೇಬಿಟ್ಟರು. "ಇವತ್ತು ಸಾಕ್ಷಿ ಹೇಳತಿಯೇನು? ದೇವರು ಗುಣಪಡಿಸ್ಯಾನ ಅಂತ?"

ಆರಾಧನೆ ಮುಗಿದ ಮೇಲೆ ಎದ್ದು ನಿಂತೆ. ಜನ ಕಾಯುತ್ತಿದ್ದರು.

"ಹಿಂದ ಇಲ್ಲೇ ನಿಂತು ನನ್ನ ಕೈ ಸುಡಂಗಿಲ್ಲ, ದೇವರ ಕೃಪಾ ಅಂದಿದ್ದೆ," ಅಂದೆ. "ಅದು ತಪ್ಪು. ಅದು ರೋಗ ಇತ್ತು. ನನಗ ಗೊತ್ತಿರಲಿಲ್ಲ. ನಿಮ್ಮ ಕೈಗೆ ಸುಟ್ಟದ್ದು ಗೊತ್ತಾಗತೈತಲ್ಲಾ, ಅದ ಕೃಪಾ. ನನಗ ಆ ಕೃಪಾ ಈಗ ಇಲ್ಲ. ಆದರೂ ರೊಟ್ಟಿ ಬಡಿಯಾಕತ್ತೇನಿ. ಅಷ್ಟ ನನ್ನ ಸಾಕ್ಷಿ."

ಯಾರೂ ಹಲ್ಲೆಲೂಯಾ ಅನ್ನಲಿಲ್ಲ. ಸಲೋಮಿಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕೂತೆ.

ಮನೆಗೆ ಬಂದಾಗ ಹೊತ್ತು ನಡುನೆತ್ತಿಗೆ ಏರಿತ್ತು. ಒಲೆಯ ಪಕ್ಕ ಹೊಸ ಹಲಗೆ ಇತ್ತು. ಸಾಗವಾನಿ, ಅಂಚು ಉಜ್ಜಿ ನುಣುಪು ಮಾಡಿದ್ದು. ಯಾರು ಮಾಡಿದ್ದೆಂದು ಕೇಳಬೇಕಾಗಿರಲಿಲ್ಲ. ನಾನು ಹಿಟ್ಟು ತೆಗೆದು ಒಲೆ ಹೊತ್ತಿಸಿದೆ. ಹಂಚು ಇಡುವಷ್ಟರಲ್ಲಿ ಅವರು ಬಂದು ಅಡ್ಡ ನಿಂತರು.

"ನೀ ಮಾಡಬ್ಯಾಡ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಡಾಕ್ಟರರ ಚೀಟಿ ಕೂಡ ಸಾಲದು, ಈ ಮನೆಯಲ್ಲಿ ನನ್ನ ಕೈಯ ರೊಟ್ಟಿ ಇನ್ನು ಇಲ್ಲ. ಆಗ ಎದೆಯೊಳಗೆ ಒಂದು ಕಡೆ ಚುರ್ ಅಂದಿತು. ಮೂರು ವರ್ಷದಲ್ಲಿ ಮೊದಲ ಸಲ. ಅದು ನೋವೇ, ಆದರೆ ನನಗೆ ತಾಗಿದ ನೋವು.

ಅವರು ಒಲೆಯ ಎದುರು ಕುಕ್ಕರಗಾಲಲ್ಲಿ ಕೂತರು.

"ಒಬ್ಬಾಕಿನ ಮಾಡಬ್ಯಾಡ ಅಂದೆ. ನೀ ಬಡಿ. ನಾ ಹೊರಳಸ್ತೇನಿ."

ಕೈ ಮುಂದೆ ಚಾಚಿದರು. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳು, ಎರಡು ಹೊಸವು. ಬೇಲಿಯ ಹತ್ತಿರ ಕೇಳಿಕೊಂಡು ಹೋದದ್ದನ್ನೆಲ್ಲ ಮನೆಯಲ್ಲಿ ಒಬ್ಬರೇ ಕೂತು ಕಲಿತಿದ್ದರು. ಹಿಟ್ಟು ನಾದಿದೆ.

ಅವರು ಹಂಚಿನ ಕಡೆಗೇ ನೋಡುತ್ತ ಹೇಳಿದರು, "ಆವತ್ತು ನೀ ಕೊಟ್ಟ ರೊಟ್ಟಿ... ನಾ ತಿನ್ನಲಿಲ್ಲ. ನಾಯಿಗೆ ಹಾಕಿದೆ."

"ನೋಡಿದ್ದೆ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. "ಹೆದರಿದ್ದೆ, ಎಸ್ತೇರ," ಅಂದರು. "ಎಲ್ಲಾ ನೋಡಿನೂ ಒಂದ್ ಮಾತ್ ಅನಲಿಲ್ಲಲ್ಲ ನೀ."

ಹಿಟ್ಟಿನ ಉಂಡೆ ತೆಗೆದುಕೊಂಡು ಹೊಸ ಹಲಗೆಯ ಮೇಲೆ ಬಡಿಯತೊಡಗಿದೆ. ಹಲಗೆಯ ಸದ್ದು ಹೊಸದು, ಆದರೂ ಕೈ ತಿರುಗುವುದು ಮರೆತಿರಲಿಲ್ಲ. ರೊಟ್ಟಿ ಅಗಲವಾಗುತ್ತ ಬಂದಂತೆ ಬಾಯಿಗೆ ಹೆಸರು ಬಂತು. 'ಇವರು' ಅಂತ ಬರಲಿಲ್ಲ. ನಾನು ತಡೆಯಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿದೆ.

ಅವರು ತಲೆ ಎತ್ತಿದರು. "ಏನಂದಿ ಈಗ?"

"ಸಮುವೇಲ ಅಂದೆ."

ಹದಿನೇಳು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ. ಅವರು ನನ್ನ ಮುಖವನ್ನೇ ನೋಡುತ್ತ ಕೂತುಬಿಟ್ಟರು. ಹೊರಳಿಸಬೇಕಾದ ರೊಟ್ಟಿಯನ್ನು ಮರೆತರು. ವಾಸನೆ ಬಂದ ಮೇಲೆ ಗಡಬಡಿಸಿ ಕೈ ಹಾಕಿ, ಸುಟ್ಟುಕೊಂಡು, "ಅಯ್ಯಯ್ಯಪ್ಪೋ!" ಎಂದು ಕೂಗಿ ಬೆರಳನ್ನು ಬಾಯಲ್ಲಿ ಇಟ್ಟುಕೊಂಡರು. ಆ ಕೂಗು ಕೇಳಿ ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಸುಟ್ಟ ಹಲಗೆಗೂ ನಾಯಿಗೂ ಬರಬೇಕಿದ್ದ ಅಳು ಎಲ್ಲವೂ ಆಗ ಬಂತು. ಕಣ್ಣೀರು ಅಂಗೈ ಮೇಲೆ ಬೀಳುತ್ತಿದ್ದದ್ದು ಕಂಡಿತು. ಕೈಗೆ ತಾಗಲಿಲ್ಲ. ಕೆನ್ನೆಗೆ ತಾಗಿತು.

"ಬಿಡ್ರಿ ಅದನ್ನ, ಹೊತ್ತೈತಿ. ಇನ್ನೊಂದು ಬಡೀತೇನಿ," ಅಂದೆ.

"ಬ್ಯಾಡ. ಇದು ನನ್ನ ಹೆಸರಿಂದು," ಅಂದರು. ಒಂದು ಬದಿ ಕರ್ರಗಾದ ಆ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಊದಿ ಊದಿ, ಪಲ್ಯ ಕೂಡ ಹಾಕಿಸಿಕೊಳ್ಳದೆ, ಪೂರ್ತಿ ತಿಂದರು.